ಹಿತ್ತಾಳೆ ಮೂಲೆಯ ಏಳು ಸಂಪುಟ

ಅಂಟಿನ ವಾಸನೆ, ಹಳೇ ಕಾಗದದ ಹುಳಿ, ಅದರಡಿ ತನ್ನದೇ ಕೈಯಿಂದ ಏಳುವ ರಕ್ತದ ವಾಸನೆ, ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಕುರಿ ಉಳಿದೇ ಉಳಿಯುತ್ತದೆ, ಕಟುಕನ ಹೆಬ್ಬೆರಳು ಒಂದನೇ ಸಂಪುಟದ ಬೆನ್ನನ್ನು ಒತ್ತಿ ನೋಡಿತು, ಪಕ್ಕೆ ಒತ್ತಿ ಪ್ರಾಣಿ ನೋಡುವ ಹಾಗೆ, ಗಟ್ಟಿ ಇದೆ, ಹೊಲಿಗೆ ಬಿಟ್ಟಿಲ್ಲ — ನಿಮ್ಮ ಮಾವನೋರು ಬರೆದ ಬೈಬಲ್ ವ್ಯಾಖ್ಯಾನ, ಅವರ ಸ್ವಂತ ಪ್ರತಿ ಅಣ್ಣ, ಏಳಕ್ಕೇಳೂ ಇದೆ, ಅವರು ತೀರಿಕೊಂಡ ಮೇಲೆ ನಿಮ್ಮ ಭಾವಮೈದ ಮನೆ ಖಾಲಿ ಮಾಡುವಾಗ ತಂದು ಸುರಿದ, ಅನ್ನುತ್ತಾನೆ ಹಳೇ ಪುಸ್ತಕದಂಗಡಿಯವನು ಕನ್ನಡಕ ಮೇಲೇರಿಸುತ್ತ, ನೋಡಿ ಮೂಲೆಮೂಲೆಗೂ ಹಿತ್ತಾಳೆ, ಸವೀಬಾರದು ಅಂತ ಅವರೇ ಬಡಿಸಿದ್ದು. ತಗೋಬೇಕೋ ಬೇಡವೋ. ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟು, ನೋಡೇ ನಿಮ್ಮಪ್ಪ ನಮ್ಮ ಮನೆಗೆ ಬಂದ ಅಂತ ಹೆಂಡತಿಯನ್ನು ಕೂಗಬೇಕು, ಅದಕ್ಕೇ ಬಂದದ್ದು, ಆದರೆ ಬೆಳಿಗ್ಗೆ ಹೇಳಿದಾಗ ಅವಳು ನಿಮ್ಮಿಷ್ಟ ಅಂದಳು, ಅಷ್ಟೇ, ಅವಳ ಬೆರಳು ಹುಬ್ಬಿನ ಮೇಲಿನ ಕಲೆಗೆ ಹೋಯಿತು, ಅಪ್ಪ ಅಂದಾಗಲೆಲ್ಲ ಹೋಗುತ್ತದೆ, ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದೆ ಅನ್ನುತ್ತಾಳೆ, ಮೂರು ಮೂಲೆಯ ಕಲೆ, ಮೆಟ್ಟಿಲು ಹಾಗೆ ಕಚ್ಚುವುದಿಲ್ಲ ಅಂತ ಮದುವೆಯ ಹೊಸದರಲ್ಲೇ ಅನ್ನಿಸಿತ್ತು, ಹೊಸ ಹೆಂಡತಿಯ ಹುಬ್ಬು ನೋಡುವಾಗ ಗಾಯದ ವಿಚಾರಣೆ ಯಾರು ಮಾಡುತ್ತಾರೆ.

ಮಾವ ಬೈಬಲ್ ಪಂಡಿತ, ಸಾಮಾನ್ಯನೇ, ಚರ್ಚಿನಲ್ಲಿ ಪ್ರಸಂಗಕ್ಕೆ ನಿಂತು ಗಂಟಲು ಸರಿ ಮಾಡಿಕೊಂಡರೆ ಚಾವಣಿಯ ಪಾರಿವಾಳಗಳು ತಾವಾಗಿ ಮೊಟ್ಟೆ ಇಡುತ್ತಿದ್ದವು, ನರಕದ ಮಾತೆತ್ತಿದರೆ ಮುಂದಿನ ಸಾಲಿನವರ ಮೀಸೆ ಸುಟ್ಟ ನಾತ ಬರುತ್ತಿತ್ತು, ಅಂಥವನ ಮಗಳನ್ನು ಕಟುಕನಿಗೆ ಕೊಟ್ಟರಲ್ಲ ಅಂತ ಊರೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು, ಅವಳೇ ಹಟ ಹಿಡಿದದ್ದು, ಕಡಿಯೋದೆಲ್ಲ ಅಂಗಡೀಲೇ ಕಡಿದು ಬರೋ ಗಂಡಸು ಸಾಕು ನನಗೆ ಅಂದಳಂತೆ. ಎಂಥ ಮಾತು, ಆಗ ನಕ್ಕಿದ್ದ. ಏಳರಲ್ಲಿ ಎಲ್ಲವೂ ಮಾಂಸ ಅಲ್ಲ, ಒಂದನೆಯದು ಬರೀ ಮೂಳೆ, ವಂಶಾವಳಿ, ಯಾರು ಯಾರನ್ನು ಹೆತ್ತರು, ಐದು ಆರು ಕೊಬ್ಬು, ಬೇರೆ ಪಂಡಿತರನ್ನು ಹಿಡಿದು ಚರ್ಮ ಸುಲಿದದ್ದು, ಚೆನ್ನಾಗಿ ಸುಲಿದಿದ್ದಾನೆ ಮುದುಕ, ಒಂದು ತೂತಿಲ್ಲ, ಆದರೆ ಮೂರನೆಯದು, ಅಯ್ಯೋ ಮೂರನೆಯದು, ದೇವರು ಬಲಿ ಕೇಳಿದ್ದಕ್ಕೆ ತಂದೆ ಮಗನ ಮೇಲೆ ಕತ್ತಿ ಎತ್ತಿದ ಕಥೆಗೆ ಬರೆದ ಆ ವ್ಯಾಖ್ಯಾನ, ಎತ್ತಿದ ಕೈ ಯಾಕೆ ನಿಂತಿತು ಅಂತ, ಕೈ ಎತ್ತುವುದು ಸುಲಭ, ಇಳಿಸುವುದಕ್ಕೆ ದೇವರೇ ಬರಬೇಕಾಯಿತು ಅಂತ, ದಿನಾ ಕತ್ತಿ ಎತ್ತುವವನು ಹಿಂದೊಮ್ಮೆ ಎರವಲು ತಂದು ಅದನ್ನು ಓದಿ, ಮಾಂಸ ಕಡಿಯುವ ಕೊರಡಿನ ಮೇಲೆ ಕೂತು ಅತ್ತಿದ್ದ, ಗಿರಾಕಿ ಬಂದು ಯಾಕಣ್ಣ ಈರುಳ್ಳಿ ವ್ಯಾಪಾರ ಶುರು ಮಾಡಿದ್ಯಾ ಅಂತ ಕೇಳಿದ್ದ. ಆ ಒಂದಕ್ಕೇ ಏಳನ್ನೂ ಹೊತ್ತೊಯ್ಯಬಹುದು — ಮೂರನೇದು ಮಾತ್ರ ಕೊಡ್ತೀಯೇನೋ, ಅನ್ನುತ್ತಾನೆ ಕಟುಕ — ಅದೆಂಗಾಗುತ್ತೆ ಅಣ್ಣ, ನಾನು ಬಂದು ತೊಡೆ ಮಾತ್ರ ಕೊಡು, ಕುರಿ ನೀನೇ ಇಟ್ಕೋ ಅಂದ್ರೆ ಕೊಡ್ತೀರಾ — ಕೊಡ್ತೀನಲ್ಲಪ್ಪ, ದಿನಾ ಅದನ್ನೇ ಮಾಡೋದು.

ಹೆಂಡತಿಗೂ ದೇವರ ವಾಕ್ಯ ಅಂದರೆ ಪ್ರಾಣ, ಊರಿಗೇ ಗೊತ್ತು, ಅಂಗಡಿಯಲ್ಲಿ ತಾನೇ ಎಷ್ಟು ಸಲ ಉಪ್ಪುಖಾರ ಹಚ್ಚಿ ಹೇಳಿಲ್ಲ, ಮದುವೆಯಾದ ವರ್ಷ ಅಡಿಗೆಮನೆಯಲ್ಲಿ ತನ್ನ ತಮ್ಮನಿಗೂ ತನಗೂ ಹೊಡೆದಾಟ, ಅಪ್ಪ ಬಿಟ್ಟುಹೋದ ಕೊರಡು ಯಾರಿಗೆ ಅಂತ, ತಮ್ಮನ ಹಲ್ಲು ಹಾರಿ ಹಾಲಿನ ಪಾತ್ರೆಗೆ ಬಿತ್ತು, ತನ್ನ ಕಿವಿ ಅವನ ಬಾಯಲ್ಲಿ, ನೆಲವೆಲ್ಲ ರಕ್ತ, ಕಾಲು ಜಾರುತ್ತಿದೆ, ಗೋಡೆಯ ಮೇಲೆ ಸಾಲಾಗಿ ಮಚ್ಚು, ಕತ್ತಿ, ಕೊಕ್ಕೆ, ಕೈ ಚಾಚಿದರೆ ಸಿಗುತ್ತವೆ, ಬೇರೆ ಹೆಂಗಸಾಗಿದ್ದರೆ ಕತ್ತಿ ಬಚ್ಚಿಡುತ್ತಿದ್ದಳು, ಇವಳು ಓಡಿಬಂದು ಮೇಜಿನ ಮೇಲಿದ್ದ ದಪ್ಪ ಬೈಬಲ್ ಎಳೆದುಕೊಂಡು, ನೆಲಕ್ಕೆ ಹಾಕಿ, ಅದರ ಮೇಲೆ ಕೂತುಬಿಟ್ಟಳು. ಏಳೇ ಅಂದರೆ ಏಳಲಿಲ್ಲ. ಎಂಥ ಭಕ್ತಿ ಅಂದರು ಜನ, ರಕ್ತ ತಾಗಬಾರದು ಅಂತ ಕೂತಳು ಅಂದರು, ಭಕ್ತಿ ಸರಿ, ಕೂರೋ ಜಾಗ ಸರಿಯಿಲ್ಲ ಅಂತ ಇವನು ಸೇರಿಸುತ್ತಿದ್ದ, ಅಂಗಡಿಯೆಲ್ಲ ನಗುತ್ತಿತ್ತು.

ಮೂರನೆಯದನ್ನು ಎತ್ತಿದ, ಭಾರ, ಎಳೇ ಮರಿಯಷ್ಟು ಭಾರ, ತಿರುಗಿಸುವಾಗ ಅಂಗೈಗೆ ಏನೋ ಚುಚ್ಚಿತು, ಕೆಳಗಿನ ಮೂಲೆಯ ಹಿತ್ತಾಳೆ ಮಡಚಿ ಒಳಗೆ ಹೋಗಿದೆ, ಉಳಿದ ಆರರಲ್ಲಿ ಒಂದೂ ಹೀಗಿಲ್ಲ, ಕೆಳಗೆ ಬಿದ್ದಿರ್ಬೇಕು ಅಂತಾನೆ ಅಂಗಡಿಯವನು, ಬಿದ್ದರೆ ರಟ್ಟು ಸೀಳಬೇಕು, ರಟ್ಟು ಹಾಗೇ ಇದೆ, ಇದು ಬಿದ್ದದ್ದಲ್ಲ, ಬೀಸಿದ್ದು, ಮೂಳೆಗೆ ತಾಗಿದ್ದು, ಮೆತ್ತಗಿನ ಮೂಳೆ, ಎಳೇ ಮೂಳೆ, ಹೆಬ್ಬೆರಳು ಮೂಲೆಯನ್ನು ಸವರುತ್ತದೆ, ಒಂದು ಮಗ್ಗುಲು, ಎರಡು, ಮೂರು, ಈ ಆಕಾರ ಬೆರಳಿಗೆ ಗೊತ್ತು, ಎಷ್ಟೋ ರಾತ್ರಿ ಕತ್ತಲಲ್ಲಿ ಅವಳ ಹುಬ್ಬಿನ ಮೇಲೆ ಸವರಿದ್ದು ಇದನ್ನೇ — ಎತ್ತಿದ ಕೈ ಯಾಕೆ ನಿಂತಿತು ಅಂತ ಬರೆದೆಯಲ್ಲೋ ಮುದುಕಾ, ಹೊತ್ತೊಯ್ಯಬೇಕು ಏಳನ್ನೂ, ಕೊರಡಿನ ಮೇಲಿಟ್ಟು ಬೆನ್ನು ಮುರಿದು ಹೊಲಿಗೆ ಸೀಳಿ ಕೊಚ್ಚಿ ನಾಯಿಗೆ, ಗೋರಿ ಅಗೆದು ಆ ಬಲಗೈಯನ್ನು ಮೊಣಕೈವರೆಗೆ, ಗಂಟಿಗೆ ಒಂದೇ ಏಟು — ಕಟ್ಲಾ ಅಣ್ಣ — ಬೇಡಪ್ಪ, ನಮ್ಮನೇಲಿ ಜಾಗ ಇಲ್ಲ, ಎಂದ, ಆದರೆ ಹೆಬ್ಬೆರಳು ಬಿಡುತ್ತಿಲ್ಲ, ಮತ್ತೆ ಆ ಅಡಿಗೆಮನೆ, ಗೋಡೆಯ ತುಂಬ ಕತ್ತಿ, ಅವಳು ಒಂದನ್ನೂ ನೋಡುತ್ತಿಲ್ಲ, ತಮ್ಮನ ಬಾಯಿಂದ ರಕ್ತ, ಹೆಂಡತಿ ನೆಲದಲ್ಲಿ, ಕೈ ಎರಡೂ ಕೆಳಗೆ ಒತ್ತಿಕೊಂಡು, ಯಾರಿಗೂ ಸಿಗದ ಹಾಗೆ, ಪುಸ್ತಕದ ಮೇಲೆ, ಕೂತಿದ್ದಾಳೆ, ಏಳೇ ಅಂದರೆ ಏಳುತ್ತಿಲ್ಲ, ಕೂತಿದ್ದಾಳೆ