ತಮ್ಮ ಓದಿದ ಪತ್ತೇದಾರಿ

ಬದುಕಿದ್ದಾಗ ಒಮ್ಮೆ ತಮ್ಮನು ಪತ್ತೇದಾರಿ ಪುಸ್ತಕವೊಂದನ್ನು ಅಕ್ಕನ ಕೈಗೆ ತುರುಕಿ, "ನನ್ನ ಕೆಲಸ ಎಂಥದ್ದು ಅಂತ ಕೇಳ್ತಿರ್ತೀಯಲ್ಲ, ಇದನ್ನ ಓದು, ಗೊತ್ತಾಗತ್ತೆ" ಅಂದಿದ್ದ. ಅಕ್ಕ ಹೂಂಗುಟ್ಟಿ ಫ್ರಿಜ್ಜಿನ ಮೇಲಿಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ದಿನವಿಡೀ ಮುರಿದ ಮೂಳೆ ನೋಡುವವಳಿಗೆ ಮನೆಗೆ ಬಂದು ಸಾವಿನ ಕಥೆ ಓದುವ ಉಮೇದು ಎಲ್ಲಿಂದ ಬರಬೇಕು?

ತಮ್ಮ ಪೊಲೀಸ್. ಬೆಟ್ಟದ ಮೇಲಿನ ಹೊರಠಾಣೆಯಲ್ಲಿ ಒಬ್ಬನೇ, ಅವನ ಜೊತೆಗೊಂದು ಹಳೇ ಜೀಪು. ಒಂದು ಬೆಳಗ್ಗೆ ಮನೆಯಿಂದ ಹೊರಟ ಆ ಜೀಪು ತಿರುವಿನಲ್ಲಿ ಕೆಳಗುರುಳಿತು. ಎದುರಿಗೆ ಯಾವ ಗಾಡಿಯೂ ಬಂದಿರಲಿಲ್ಲ, ಬ್ರೇಕು ಸರಿಯಾಗಿತ್ತು, ರಸ್ತೆಯ ಅಂಚು ಕುಸಿದಿತ್ತು ಎಂದರು ತನಿಖೆಯವರು. ಅಕ್ಕನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅವತ್ತು ಮನೆಯಲ್ಲಿ ಜಗಳವಾಗಿತ್ತೆಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಶವಾಗಾರದ ಹೊರಗಿನ ಕಾರಿಡಾರಿನಲ್ಲಿ, ಎಲ್ಲರ ಎದುರಿಗೇ, ತಮ್ಮನ ಹೆಂಡತಿಗೆ ಹೇಳಿಬಿಟ್ಟಿದ್ದಳು: "ಬೆಳಗ್ಗೆ ಎದ್ದು ಜಗಳ ಆಡಿ ಕಳಿಸಿದೆಯಲ್ಲ, ಅವನ ಗಮನ ರಸ್ತೆ ಮೇಲೆ ಎಲ್ಲಿರ್ಬೇಕು?"

ಅವಳು ಏನೋ ಹೇಳಲು ಹೊರಡುವಷ್ಟರಲ್ಲಿ ಅಕ್ಕ ಬೆನ್ನು ತಿರುಗಿಸಿ ನಡೆದಿದ್ದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ತಿಂಗಳುಗಳು ಕಳೆದ ಮೇಲೆ ಒಂದು ಭಾನುವಾರ, ಫ್ರಿಜ್ಜಿನ ಮೇಲಿನ ಧೂಳು ಒರೆಸುವಾಗ ಪುಸ್ತಕ ಕೈಗೆ ಸಿಕ್ಕಿತು. ಅಕ್ಕ ನಿಂತಲ್ಲೇ ಬಿಡಿಸಿದಳು.

ಅನುವಾದದ ಪತ್ತೇದಾರಿ ಕಾದಂಬರಿ ಅದು. ಅಮೆರಿಕದ ನೈಋತ್ಯ ಮೂಲೆಯ ಮರುಭೂಮಿ, ಅಲ್ಲಿನ ಮೂಲನಿವಾಸಿಗಳದೇ ಆದ ಪೊಲೀಸ್ ಪಡೆ, ಅದರಲ್ಲೊಬ್ಬ ನಡುವಯಸ್ಸಿನ ಅಧಿಕಾರಿ. ಬಂಡೆಯ ಬುಡದಲ್ಲಿ ಬೆಳ್ಳಿ ಕೆಲಸದವನೊಬ್ಬ ಸತ್ತು ಬಿದ್ದಿದ್ದಾನೆ. ಮೊದಮೊದಲು ಅಕ್ಕ ಮೂಗು ಮುರಿದಳು. ಇವನೆಂಥ ಪೊಲೀಸು! ಹೆಣ ಬಿದ್ದಿದ್ದರೆ ಇವನು ಕುರಿ ಕಾಯುವ ಮುದುಕನ ಜೊತೆ ಮೋಡದ ವಿಷಯ ಮಾತಾಡುತ್ತ ಕೂತಿದ್ದಾನೆ. ಯಾರನ್ನು ಕೇಳಿದರೂ ಮೊದಲು ಅವರ ತಾಯಿ ಯಾವ ಕುಲ, ಅಜ್ಜಿ ಯಾವ ಕುಲ ಅನ್ನುತ್ತಾನೆ. "ಹಿಂಗಾದ್ರೆ ಕೊಲೆಗಾರ ಮೊಮ್ಮಕ್ಕಳನ್ನ ಕಾಣ್ತಾನೆ" ಎಂದು ಗೊಣಗಿಕೊಂಡೇ ಪುಟ ತಿರುವಿದಳು.

ಆದರೂ ಮರುದಿನ ಪುಸ್ತಕ ಅವಳ ಕೈಚೀಲದಲ್ಲಿತ್ತು. ಒಬ್ಬ ರೋಗಿ ಹೋಗಿ ಇನ್ನೊಬ್ಬ ಬರುವ ನಡುವೆ, ಎಕ್ಸ್-ರೇ ಮೈಗೆ ತಾಗದಂತೆ ತೊಡುವ ಸೀಸದ ಏಪ್ರನ್ ಬಿಚ್ಚದೆಯೇ ಎರಡೆರಡು ಪುಟ ಓದಿದಳು. ಆ ಅಧಿಕಾರಿ ಆರಿದ ಕಾಫಿ ಕುಡಿಯುತ್ತಾನೆ, ಮೈಲಿಗಟ್ಟಲೆ ಒಬ್ಬನೇ ಗಾಡಿ ಓಡಿಸುತ್ತಾನೆ, ಕರೆ ಮಾಡಿದರೆ ಸಿಗ್ನಲ್ ಸಿಗುವುದಿಲ್ಲ. ಫೋನಿನಲ್ಲಿ ತಮ್ಮ "ಕೇಳಿಸ್ತಿದ್ಯಾ? ಕೇಳಿಸ್ತಿದ್ಯಾ?" ಎಂದು ಕೂಗುತ್ತಿದ್ದದ್ದು ನೆನಪಾಗಿ ಅಕ್ಕ ಪುಸ್ತಕ ಮುಚ್ಚಿದಳು. ಹೊರಗೆ ಕಾಲು ಮುರಿದವರೊಬ್ಬರು ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಅವರನ್ನು ಮಲಗಿಸಿ, ಕಾಲು ನೇರ ಮಾಡಿ, "ಅಲ್ಲಾಡ್ಬೇಡಿ" ಅಂದಾಗ ಅವಳ ಧ್ವನಿಯೇ ಅಲ್ಲಾಡುತ್ತಿತ್ತು.

ಅರ್ಧ ದಾಟುವಷ್ಟರಲ್ಲಿ ಅವಳೇ ಪತ್ತೇದಾರಿಕೆಗೆ ಇಳಿದಿದ್ದಳು. ಕಾದಂಬರಿಯ ಊರಿನ ಅಂಗಡಿಯವನ ಮೇಲೆ ಅವಳಿಗೆ ಗುಮಾನಿ. ಬೆಳ್ಳಿ ಸರಕನ್ನು ನೀರಿನ ಬೆಲೆಗೆ ಕೊಳ್ಳುತ್ತಿದ್ದವನು ಅವನೇ. ಆ ಬೆಳ್ಳಿ ಕೆಲಸದವನ ಅಕ್ಕನಿಗೋ, ಪಕ್ಕದ ಗುಡಿಸಲಿನ ವಿಧವೆಯ ಮೇಲೆ. ಹಗಲೆಲ್ಲ ಉಣ್ಣೆ ಹಿಂಜುತ್ತ ಕೂತ ಆ ಹೆಂಗಸು ಬಂದವರಿಗೆಲ್ಲ "ಅವಳ ಕಣ್ಣು ಸರಿಯಿಲ್ಲ, ನನ್ನ ತಮ್ಮನನ್ನ ತಿಂದದ್ದು ಅವಳೇ" ಎನ್ನುತ್ತಾಳೆ. ಊರವರು ವಿಧವೆಯ ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಾರೆ. ಅಕ್ಕನಿಗೆ ಉಣ್ಣೆ ಹಿಂಜುವವಳ ಮೇಲೆ ಕನಿಕರ ಉಕ್ಕಿತು. ಒಡಹುಟ್ಟಿದವಳ ಸಂಕಟ ಯಾರಿಗೆ ಅರ್ಥವಾಗಬೇಕು?

ಅಧಿಕಾರಿ ಬಂಡೆ ಹತ್ತುವ ಅಧ್ಯಾಯದಲ್ಲಿ ಅವಳಿಗೆ ಪುಟ ತಿರುವಲು ಭಯವಾಯಿತು. ಇವನೂ ಬಿದ್ದು ಸತ್ತರೆ? ಅವನು ಸಾಯಲಿಲ್ಲ. ತುದಿಯಲ್ಲಿ ಹೊಸದಾಗಿ ಮುರಿದ ಕಲ್ಲು, ಅದರಾಚೆ ಸಿಕ್ಕಿಕೊಂಡ ಕುರಿಮರಿಯ ಉಣ್ಣೆ ಅವನ ಕಣ್ಣಿಗೆ ಬಿದ್ದವು. ಬೆಳ್ಳಿ ಕೆಲಸದವನು ಮರಿಯನ್ನು ಬಿಡಿಸಲು ಹೋಗಿದ್ದಾನೆ, ಕಾಲಡಿಯ ಕಲ್ಲು ಕಳಚಿದೆ. ಅಂಗಡಿಯವನೂ ಅಲ್ಲ, ವಿಧವೆಯೂ ಅಲ್ಲ, ಯಾರೂ ಅಲ್ಲ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ಸೋಫಾದ ಮೇಲೆ ಬಿತ್ತು. ಕೊಲೆಗಾರನೇ ಇಲ್ಲದ ಮೇಲೆ ಅದೆಂಥ ಪತ್ತೇದಾರಿ ಕಥೆ! ಇಷ್ಟು ದಿನ ಓದಿಸಿ ಕೊನೆಗೆ ಕೈಗೆ ಚಿಪ್ಪು ಕೊಟ್ಟ ಹಾಗೆ. ಮಾರನೆಯ ಸಂಜೆಯವರೆಗೆ ಅದರತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ, ಉಳಿದ ಹತ್ತಾರು ಪುಟ ಹಾಗೇ ಬಿಡಲಾಗದೆ, ಮತ್ತೆ ಎತ್ತಿಕೊಂಡಳು.

ಅಲ್ಲಿ ಅಧಿಕಾರಿ ಸತ್ತವನ ಅಕ್ಕನ ಮನೆಗೆ ಹೋಗುತ್ತಾನೆ. ಬಹಳ ಹೊತ್ತು ಅವಳ ಜೊತೆ ತಾನೂ ಉಣ್ಣೆ ಹಿಂಜುತ್ತಾನೆ. ಕೊನೆಗೆ ಹೇಳಿದಾಗ ಅವಳು ನಂಬುವುದಿಲ್ಲ. "ಹಾಗಾದರೆ ನಾನು ಯಾರನ್ನು ಬೈಯಲಿ?" ಎನ್ನುತ್ತಾಳೆ. ಅವನು ಇನ್ನೊಂದು ಹಿಡಿ ಉಣ್ಣೆ ಎತ್ತಿಕೊಳ್ಳುತ್ತಾನೆ.

ಅಕ್ಕ ಆ ಪುಟವನ್ನು ಮತ್ತೆ ಮತ್ತೆ ಓದಿದಳು. ನಿನ್ನೆಯವರೆಗೆ ತಾನು ಕನಿಕರಪಟ್ಟಿದ್ದ ಉಣ್ಣೆ ಹಿಂಜುವವಳ ಬಾಯಲ್ಲಿ ಇವತ್ತು ಕೇಳಿಸಿದ್ದು, ಶವಾಗಾರದ ಹೊರಗೆ ತಾನೇ ಆಡಿದ ಮಾತು.

ಮರುದಿನ ಡ್ಯೂಟಿ ಮುಗಿಸಿ ಅವಳು ನೇರವಾಗಿ ತಮ್ಮನ ಹೆಂಡತಿಯ ಲಾಂಡ್ರಿ ಅಂಗಡಿಗೆ ನಡೆದಳು. ಹೆಂಡತಿಯನ್ನು ತಮ್ಮ "ಹೆಡ್‌ಮಿಸ್" ಎಂದು ಕರೆಯುತ್ತಿದ್ದ. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವಳಲ್ಲ, ಆದರೆ ಯಾರ ಕಾಲರ್ ಮಡಚಿದ್ದರೂ ಸರಿಮಾಡದೆ ಬಿಡುತ್ತಿರಲಿಲ್ಲ. ಇಸ್ತ್ರಿಯ ಹಬೆಯಲ್ಲಿ ನಿಂತಿದ್ದವಳು ತಲೆಯೆತ್ತಿದಳು. ಮುಖ ಸೊರಗಿತ್ತು.

"ಬನ್ನಿ ಅತ್ತಿಗೆ" ಅಂದಳು, ಎಂದಿನ ಗಿರಾಕಿಗೆ ಹೇಳುವಂತೆ.

ಅಕ್ಕ ಪುಸ್ತಕ ತೋರಿಸಿದಳು. "ಇದರ ಕೊನೆ ಅವನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು, ಎಷ್ಟು ಸಲ ಓದಿದ್ರೋ. ಇಂಥ ಕೇಸೇ ಜಾಸ್ತಿ ಅಂತಿದ್ರು. ಕಳ್ಳನ್ನ ಹಿಡಿಯೋದು ಸುಲಭ, ಯಾರೂ ಏನೂ ಮಾಡಿಲ್ಲ ಅಂತ ಮನೆಯವರಿಗೆ ಹೇಳೋಕೆ ಹೋಗ್ಬೇಕಲ್ಲ, ಅದಕ್ಕೇ ಕಾಲು ಬರಲ್ಲ ಅಂತಿದ್ರು."

ಇಸ್ತ್ರಿಪೆಟ್ಟಿಗೆ ಬುಸುಗುಟ್ಟಿತು. ಅಕ್ಕ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಅವತ್ತು ಆಸ್ಪತ್ರೆಲಿ ನಾನು ಆಡಿದ ಮಾತು... ಆಡಬಾರದಿತ್ತು. ನಿನ್ನಿಂದ ಏನೂ ಆಗಿಲ್ಲ."

ಹೆಡ್‌ಮಿಸ್ ಅಂಗಿಯ ತೋಳನ್ನು ನಿಧಾನವಾಗಿ ಮಡಚಿದಳು. "ಅವತ್ತು ಜಗಳ ಆಗಿದ್ದು ನಿಜ ಅತ್ತಿಗೆ. ಟಿಫಿನ್ ಡಬ್ಬಿ ಮುಚ್ಚಳ ಕಳೆದಿದ್ದಕ್ಕೆ. ಗಾಡಿ ಹತ್ತೋವಾಗ ಅವರೇ ನಕ್ಕು ಕೈ ಬೀಸಿದ್ರು. ಅದನ್ನ ನಿಮಗೆ ಹೇಳ್ಬೇಕು ಅಂತಿದ್ದೆ. ನೀವು ಬಾಯಿ ಬಿಡೋಕೇ ಬಿಡ್ಲಿಲ್ಲ." ಅವಳ ಕಣ್ಣು ತುಂಬಿತು. "ಆ ಮಾತು ನನಗಿನ್ನೂ ಮರೆಯೋಕೆ ಆಗಿಲ್ಲ."

"ಮರೆತುಬಿಡು ಅಂತ ಕೇಳೋಕೆ ಬಂದಿಲ್ಲ ನಾನು" ಎಂದಳು ಅಕ್ಕ.

ಮಡಚಿದ ಅಂಗಿಯನ್ನು ಪಕ್ಕಕ್ಕಿಟ್ಟು ಹೆಡ್‌ಮಿಸ್ಸೇ ಕೇಳಿದಳು. "ನಾನು ಆಗಾಗ ಆ ತಿರುವಿಗೆ ಹೋಗಿ ಬರ್ತೀನಿ. ನೀವು ನೋಡೇ ಇಲ್ವಲ್ಲ. ಭಾನುವಾರ ಬರ್ತೀರಾ?"

ಭಾನುವಾರ ಬಸ್ಸಿಳಿದು ಇಬ್ಬರೂ ಏರು ಹತ್ತಿದರು. ತಿರುವಿನಲ್ಲಿ ಹಗ್ಗ ಕಟ್ಟಿದ್ದರು. ಅದರಾಚೆ ಡಾಂಬರು ಹಪ್ಪಳದಂತೆ ಮುರಿದಿತ್ತು, ಕೆಳಗಿನ ಮಣ್ಣು ಟೊಳ್ಳಾಗಿತ್ತು. ಮುರಿತ ಎಂಥದ್ದೆಂದು ಅಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮುಂದೆ ಬಾಗಿ ಅಂಚನ್ನು ಮುಟ್ಟಿದಳು. ಮಣ್ಣು ಬೆರಳ ಸಂದಿಯಿಂದ ಸದ್ದಿಲ್ಲದೆ ಉದುರಿತು. ಇಷ್ಟೇನಾ ಅನ್ನಿಸಿತು. ತಮ್ಮ ಸತ್ತ ಮೇಲೆ ಮೊದಲ ಸಲ, ಸಿಟ್ಟಿಲ್ಲದ ಅಳು ಬಂತು.

ಹೆಡ್‌ಮಿಸ್ ಹಿಂದಿನಿಂದ ಅವಳ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಅಲ್ಲಿ ನಿಲ್ಬೇಡಿ ಅತ್ತಿಗೆ. ಹಿಂದೆ ಬನ್ನಿ."

ಅಕ್ಕ ಹಿಂದೆ ಬಂದಳು. ಇಬ್ಬರೂ ರಸ್ತೆಯ ಒಳಬದಿಯ ಕಲ್ಲಿನ ಮೇಲೆ, ಮುಂದಿನ ಬಸ್ಸು ಬರುವವರೆಗೆ ಒತ್ತಿಕೊಂಡು ಕೂತರು.