ಒಂದೇ ಲೈಟಿನ ಹಾಡು

ಹನ್ನೊಂದು ವರ್ಷ ಹಾಡಿದರೂ ಅಕ್ಕನ ಮುಖವನ್ನು ಒಂದು ನರಪಿಳ್ಳೆಯೂ ನೋಡಿರಲಿಲ್ಲ. ದನಿ ಇವಳದು, ಪರದೆಯ ಮೇಲೆ ತುಟಿ ಕುಣಿಸುವವರು ಇನ್ನಾರೋ. "ಈ ಸಲದ ವಿಡಿಯೋದಲ್ಲಿ ನಿನ್ನ ಮುಖಾನೇ" ಎಂದು ಗಂಡ ಹೇಳಿದ್ದ. ಲೈಟಿನ ಕೆಲಸ ಅವನದೇ. ಕಟ್ಟಿಕೊಂಡ ಗಂಡನನ್ನು ನಂಬದೆ ಇನ್ಯಾರನ್ನು ನಂಬಬೇಕು, ನೀವೇ ಹೇಳಿ!

ಬೆಳಗ್ಗೆಯೇ ಕುರ್ಚಿಯಲ್ಲಿ ಕೂರಿಸಿದ. ಹಾಡು ಅಗಲಿಕೆಯದು, ಕೋಣೆಯೆಲ್ಲ ಕತ್ತಲಿರಬೇಕು, ಒಂದೇ ಲೈಟು ಎಡಗೆನ್ನೆ ಸವರಿ ಹೋಗಬೇಕು ಎಂದು ನಿರ್ದೇಶಕನ ಅಪ್ಪಣೆ. ಗಂಡ ಕಿಟಕಿಗೆ ಕರಿಬಟ್ಟೆ ಹೊಡೆದ, ಗೋಡೆಗೆ ಬೀಳುವ ಬೆಳಕಿಗೆ ರಟ್ಟು ಅಡ್ಡ ಇಟ್ಟ.

"ಗಲ್ಲ ಎತ್ತು. ಸ್ವಲ್ಪ ಇಳಿಸು. ಹಾಂ, ಅಲ್ಲಾಡ್ಬೇಡ."

ಎರಡು ಗಂಟೆ! ಲೈಟಿನ ಕಾವಿಗೆ ಬೆವರು ಕಿತ್ತುಕೊಂಡು ಬಂತು. ಅಕ್ಕ ಗಲ್ಲ ಎತ್ತಿಕೊಂಡೇ ಕೂತಳು. ಮಾನಿಟರಿನಲ್ಲಿ ತನ್ನ ಅರ್ಧ ಮುಖ ಕಂಡಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಲೈಟು ರೆಡಿ" ಎಂದ ಗಂಡ.

"ಹಾಗಾದ್ರೆ ಅವಳನ್ನ ಕರೀರಿ" ಎಂದ ನಿರ್ದೇಶಕ.

ಬಾಗಿಲು ತೆರೆದು ಬಂದವಳು ಸ್ವಂತ ತಂಗಿ. ಒಂಬತ್ತು ವರ್ಷ ಚಿಕ್ಕವಳು, ಮೇಕಪ್ ಮಾಡಿಸಿಕೊಂಡು ಪಕ್ಕದ ಕೋಣೆಯಲ್ಲಿ ತಣ್ಣಗೆ ಕೂತಿದ್ದಳು.

"ಏಳು" ಎಂದ ಗಂಡ. "ನಿಮ್ಮಿಬ್ಬರದೂ ಒಂದೇ ಮೂಗು, ಒಂದೇ ಬಣ್ಣ. ಅವಳನ್ನ ಕೂರಿಸಿದ್ರೆ ಮೇಕಪ್ ಕರಗ್ತಿತ್ತು."

"ನಿಮಗೆ ಮೊದಲೇ ಗೊತ್ತಿತ್ತಾ?"

"ಹೇಳಿದ್ರೆ ನೀನು ಕೂರ್ತಿದ್ಯಾ?"

ಥೂ, ಇವನ ಬಾಯಿಗೆ ಮಣ್ಣು ಬೀಳ!

"ಬೇಜಾರಾಗ್ಬೇಡ ಅಕ್ಕಾ. ಕರೆದ್ರು, ಬಂದೆ" ಎಂದಳು ತಂಗಿ. ಕುರ್ಚಿ ಬೆವರಿನಿಂದ ಒದ್ದೆಯಾಗಿದೆಯೆಂದು ಮೂಗು ಮುರಿದಳು.

ಅವಳಿಗೆ ಹಾಡಿನ ಸಾಲುಗಳೂ ಬಾಯಿಪಾಠವಿರಲಿಲ್ಲ. ಅಕ್ಕನನ್ನೇ ಕ್ಯಾಮೆರಾ ಪಕ್ಕದ ಕತ್ತಲಲ್ಲಿ ನಿಲ್ಲಿಸಿ, ಕೈಗೊಂದು ಪುಟ್ಟ ಟಾರ್ಚು ಕೊಟ್ಟರು: ಅದರ ಬೆಳಕನ್ನು ತನ್ನ ಬಾಯಿಗೆ ಹಿಡಿದುಕೊಂಡು, ತಂಗಿ ನೋಡಿ ತುಟಿ ಕುಣಿಸುವಂತೆ ಸಾಲು ಹಾಡಿ ತೋರಿಸಬೇಕಂತೆ. ಅಕ್ಕ ಬಾಗಿಲ ಕಡೆ ತಿರುಗಿದಳು.

"ಹೋಗೋದಾದ್ರೆ ಹೋಗಿ. ಬೇರೆಯವರ ಹತ್ರ ಹಾಡಿಸ್ತೀನಿ" ಎಂದ ನಿರ್ದೇಶಕ.

ಮುಖವಂತೂ ಹೋಯಿತು, ದನಿಯಾದರೂ ಉಳಿಯಲಿ ಎಂದು ಅಕ್ಕ ಟಾರ್ಚು ಹಿಡಿದಳು. ಮೂರನೆಯ ಸಾಲಿಗೆ ತಂಗಿ ಅಳಬೇಕಿತ್ತು. ಏನು ಮಾಡಿದರೂ ಅವಳಿಗೆ ಅಳು ಬರಲಿಲ್ಲ. ಅಕ್ಕನ ಕಣ್ಣಿಂದಲೋ, ಬೇಡವೆಂದರೂ ನೀರು ದಳದಳ ಇಳಿಯುತ್ತಿತ್ತು.

"ಅದೇ, ಅದೇ! ಅಕ್ಕನ್ನ ನೋಡ್ಕೊಂಡು ಮಾಡು!" ನಿರ್ದೇಶಕ ಕೂಗಿದ.

ತಂಗಿ, ಅಕ್ಕನ ತುಟಿ ಸೊಟ್ಟಗಾಗುವುದನ್ನೂ ಗಲ್ಲ ನಡುಗುವುದನ್ನೂ ನೋಡಿ ನೋಡಿ ಹಾಗೆಯೇ ಮಾಡಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕ ಟಾರ್ಚು ಆರಿಸಿ ಕಣ್ಣಿಗೆ ಕೈ ಎತ್ತಿದಳು. ಗಂಡ ಓಡಿಬಂದು ಆ ಕೈ ಹಿಡಿದ.

"ಒರೆಸ್ಕೋಬೇಡ" ಎಂದ. "ಇನ್ನೊಂದು ಟೇಕ್ ಇದೆ."