ಮೇಲಿನ ಬಾವಿಯ ನೀರು

ಕಿಟಕಿಯಾಚೆ ಏನೋ ಮಿನುಗಿತು, ಹಿತ್ತಾಳೆ, ತಾನು ಮೊಮ್ಮಗಳು ಮೈಲಾರಮ್ಮನ ತಲೆದೆಸೆಯಲ್ಲಿ ಇಟ್ಟು ಬಂದ ಚೊಂಬಿನಂಥದೇ ಹಿತ್ತಾಳೆ, ಅಲ್ಲ, ಇದು ಡಾಕ್ಟರು ಒಂದೇ ಕಣ್ಣಿಟ್ಟು ಬಗ್ಗಿ ನೋಡುವ ಕೊಳವೆ — ಬಳ್ಳಾರಿಯ ಈ ಕಟ್ಟಡಕ್ಕೆ ಜವಾನ ಹೇಳುವ ಹೆಸರು ಓಬಯ್ಯನ ನಾಲಿಗೆಗೆ ಹೊರಳದು, ನೀರು ನೋಡುವ ಮನೆ ಎಂದುಕೊಂಡು ಎರಡು ದಿನದಿಂದ ಇದರ ಜಗುಲಿಯಲ್ಲಿ ಕೂತಿದ್ದಾನೆ, ಊರ ತಳವಾರನಾಗಿ ನಲವತ್ತು ವರ್ಷ ಸಮನ್ಸು ಹೊತ್ತ, ಸಾಹೇಬರ ಗುಡಾರ ಹೊತ್ತ, ರಾಯದುರ್ಗದಲ್ಲಿ ರೈಲು ಹತ್ತಿಸಿಕೊಂಡು ನೀರು ತಂದದ್ದು ಮಾತ್ರ ಇದೇ ಮೊದಲು, ನೀರಿಗೂ ಟಿಕೀಟು ತಗೋತೀಯೇನು ತಾತ ಎಂದು ಮೈಲಾರಮ್ಮ ನಕ್ಕಿದ್ದಳು, ಅವರವ್ವನನ್ನು ಮಣ್ಣು ಮಾಡಿ ಬಂದಮೇಲೆ ಅದೇ ಮೊದಲ ನಗು, ವಾಂತಿಭೇದಿ ಒಂದೇ ವಾರದಲ್ಲಿ ಒಂಬತ್ತು ಜನರನ್ನು ಎಳೆದುಕೊಂಡಿತ್ತು, ಸೊಸೆ ಕೊನೆಗೆ ನೀರು ನೀರು ಅಂದಳು, ಚೊಂಬಿನಿಂದ ಹನಿಹನಿಯಾಗಿ ಬಿಟ್ಟವನು ಇವನೇ.

ರೋಗ ತಡೆಯಲು ಬಂದ ಇನ್ಸ್‌ಪೆಕ್ಟರು ಊರವರಿಗೆ ಸೂಜಿ ಹಾಕುವ ಗಡಿಬಿಡಿಯಲ್ಲಿ ಸೀಸೆ ಕೊಟ್ಟು, ಕೆಳಗಿನ ಬಾವೀದು ತುಂಬ್ಕಂಡ್ ಬಾರೋ ಓಬಯ್ಯ, ಬಟ್ಟೆ ಒಗಿಯೋ ಆ ಬಾವಿ ಮ್ಯಾಲೇ ನನಗೆ ಅನುಮಾನ, ಅಂದಿದ್ದರು, ಚೀಟಿಯಲ್ಲಿ ಹಾಗೇ ಬರೆದೂ ಅಂಟಿಸಿದ್ದರು, ಆದರೆ ಸೀಸೆಯದು ಪರಸ್ಥಳದವರಿಗೆ ಕೊಡುವ ನೀರು, ದಾರಿಹೋಕನಿಗೂ ಈ ಊರಲ್ಲಿ ಕೆಳಗಿನ ಬಾವಿಯ ಸಪ್ಪೆ ನೀರು ಕೊಟ್ಟವರಿಲ್ಲ, ಕಾಲು ತಾನಾಗಿ ಮೇಲಿನ ಬಾವಿಗೆ ನಡೆದಿತ್ತು, ಹಾಲಿನಂಥ ಸಿಹಿ ನೀರು, ಬೆಳುಗುಪ್ಪದ ಬೀಗರು ಬಂದರೆ ಎರಡು ಚೊಂಬು ಕೇಳಿ ಕುಡಿಯುವ ನೀರು — ಹೊರಡುವಾಗ ಮೈಲಾರಮ್ಮನಿಗೂ ಅದನ್ನೇ ಚೊಂಬು ತುಂಬಿ, ಹುಳ ಬೀಳದಿರಲಿ ಎಂದು ತಟ್ಟೆ ಮುಚ್ಚಿ, ಮುಗಿದರೆ ಇದೇ ಬಾವೀದು ತಾ ತಾಯಿ, ಕೆಳಗಿನದು ಮುಟ್ಟಬ್ಯಾಡ, ಅಂದು ಬಂದದ್ದು —

ತಾತಾ, ಒಳಗ ಬರ್ರಿ, ಡಾಕ್ಟರೇ ಕರೆಯುತ್ತಿದ್ದಾರೆ, ನಿಮ್ಮ ನೀರಾಗ ಏನೈತಿ ನೋಡ್ರಿ, ಕೊಳವೆಗೆ ಕಣ್ಣಿಟ್ಟರೆ ಮೊದಲು ತನ್ನ ರೆಪ್ಪೆಯೇ ಕಾಣುತ್ತದೆ, ಆಮೇಲೆ ಬೆಳಕು, ಹುಣ್ಣಿಮೆ ಚಂದ್ರನನ್ನು ಇಳಿಸಿ ತಂದಂಥ ಬೆಳಕು, ಅದರಲ್ಲಿ ಸಣ್ಣ ಕುಡುಗೋಲುಗಳು, ಒಂದಲ್ಲ ಹತ್ತಲ್ಲ, ಸರ್ರನೆ ಓಡುತ್ತಿವೆ, ಶಿವನೇ, ಇವೆಲ್ಲ ಎಲ್ಲಿದ್ದವು, ಅರವತ್ತೈದು ವರ್ಷದ, ಕುರಿ ಹಿಂಡಿನಲ್ಲಿ ತೋಳ ಗುರುತಿಸಿದ ಕಣ್ಣಿಗೆ ಬೀಳದ್ದು ಈ ಕೋಣೆಯಲ್ಲಿ ಕೂತವನಿಗೆ ಬಿತ್ತಲ್ಲ, ನಮ್ಮೂರು ಮೂಡಲೋ ಪಡುವಲೋ ತಿಳಿಯದ ಈ ಮನುಷ್ಯ ನಮ್ಮ ಮನೆಯೊಳಗಿನದನ್ನು ಕಂಡನಲ್ಲ, ಇದು ದೇವರ ಕಣ್ಣೋ, ದೇವರೂ ಇಷ್ಟು ಬಗ್ಗಿ ನೋಡಿದ್ದಾನೋ ಇಲ್ಲವೋ, ಕೈ ತಾನಾಗಿ ಮುಗಿದಿತ್ತು.

ಡಾಕ್ಟರು ಚೀಟಿ ಓದಿ ಬರೆಯುತ್ತಿದ್ದಾರೆ, ವಾಂತಿಭೇದಿ ಹುಳ ಇವೇ, ಕೆಳಗಿನ ಬಾವಿ ಮುಚ್ಚಬೇಕ್ರಿ, ಈಗಲೇ ತಂತಿ ಕಳಿಸ್ತೀನಿ, ಊರೆಲ್ಲ ಮೇಲಿನ ಬಾವಿ ನೀರೇ ಕುಡೀಲಿ — ಸುಮ್ಮನಿದ್ದರೆ ಮಾನ ಉಳಿಯುತ್ತದೆ, ನಲವತ್ತು ವರ್ಷದ ನಂಬಿಕೆ, ತಳವಾರ ಸರ್ಕಾರಕ್ಕೆ ಸುಳ್ಳು ತಂದ ಅನ್ನಿಸಿಕೊಳ್ಳುವುದಿಲ್ಲ, ಸುಮ್ಮನಿದ್ದರೆ ಊರೇ ಹಗ್ಗ ಹಿಡಿದು ಮೇಲಿನ ಬಾವಿಗೆ — ಸ್ವಾಮಿ, ಬರೀಬ್ಯಾಡ್ರಿ, ತಪ್ಪಾತ್ರಿ, ಅದು ಕೆಳಗಿನದಲ್ರಿ, ಮೇಲಿನ ಬಾವೀದು, ನಾನೇ ತುಂಬಿದ್ದು, ಚಲೋ ನೀರು ಕೊಡಾಣ ಅಂತ.

ಡಾಕ್ಟರು ಬೈಯಲಿಲ್ಲ, ಅರೆ ಬರೆದ ಕಾಗದ ಹರಿದು ಹಾಕಿದರು, ತಾತಾ, ನೀವು ತಪ್ಪಿದ್ದಕ್ಕ ಊರು ಉಳೀತೈತಿ, ಎರಡೂ ಬಾವಿ ಮುಚ್ಚಿಸ್ತೀನಿ, ಕೆರೆ ನೀರು ಕಾಯಿಸಿ ಕುಡೀಲಿ, ಎಂದು ಜವಾನನನ್ನು ಓಡಿಸಿದರು, ತಂತಿಗೆ ಕಾಲಿಲ್ಲ, ರೈಲಿಗಿಂತ ಮುಂಚೆ ರಾಯದುರ್ಗ ಮುಟ್ಟುತ್ತದಂತೆ, ಅಲ್ಲಿಂದ ಸೈಕಲ್ಲಿನವನು, ಅವನು ಕೆರೆ ಏರಿ ದಾಟಬೇಕು, ಹುಣಿಸೆ ತೋಪು ದಾಟಬೇಕು, ಓಡು ತಂತಿ, ಓಡೋ ಮಾರಾಯ, ನೇಮಕಲ್ಲು ಹನುಮಪ್ಪ ನಿನ್ನ ಬೆನ್ನಿಗಿರಲಿ — ಈಗ ಉರಿಬಿಸಿಲು, ಹುಡುಗಿಗೆ ಬಾಯಾರುವ ಹೊತ್ತು, ಹಿತ್ತಾಳೆಯ ಚೊಂಬು, ಮೇಲೆ ತಟ್ಟೆ, ಒಂದು ಹುಳವೂ ಬೀಳದಂತೆ ಮುಚ್ಚಿದ ತಟ್ಟೆ, ಅದರ ಅಂಚಿನ ಮೇಲೆ ಮೈಲಾರಮ್ಮನ ಕೈ.